ಓದುಗರ ಪ್ರಶ್ನೆ: ಮೆದುಳಿನ ವಿಜ್ಞಾನ ಓದಾಕ ಯಾವ ಡಿಗ್ರಿ ಬೇಕು?

ಹೋದ ಸಂಚಿಕೆಯೊಳಗ ಮೆದುಳಿನ ವಿಜ್ಞಾನ, ಅಂದ್ರ ನ್ಯೂರೋಸೈನ್ಸ್ ಬಗ್ಗೆ ಒಂದು ಪ್ಯಾರಾ ಬರ್ದಿದ್ದೆ, ಅಷ್ಟಕ್ಕ ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದಿಂದ ಇಷ್ಟು ಪ್ರಶ್ನೆ ಬರ್ತಾವಂತ ಅನ್ಕೊಂಡಿರಲಿಲ್ಲ. ಓದ್ಕೋತ ಹೋದ್ರ ಹೆಚ್ಚುಕಮ್ಮಿ ಎಲ್ಲಾರದೂ ಒಂದ ಅಂಜಿಕಿ, "ನಾ ಓದಿದ್ದು ಇದು, ನನಗ ಅಲ್ಲಿ ಜಾಗ ಸಿಗ್ತದ ಏನು?" ನಾನೂ ವಿಜಯಪುರದ ಹುಡುಗನ, ಝೂವಾಲಜಿ ಓದಿ ಬೆಂಗಳೂರಿಗೆ ಹೋಗಿ ಮೆದುಳಿನ ಮ್ಯಾಲೆ ಪಿಎಚ್.ಡಿ ಮಾಡಿದಾಂವ, ಆ ಅಂಜಿಕಿ ನನಗೂ ಇತ್ತು. ಹಿಂಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕ ಇಟ್ಟೀನಿ.

ಪ್ರಶ್ನೆ: ಸರ್, ನಾನು ಬಿ.ಎಸ್ಸಿ ಕೊನೇ ವರ್ಷ, ಝೂವಾಲಜಿ ಮತ್ತ ಕೆಮಿಸ್ಟ್ರಿ. ನ್ಯೂರೋಸೈನ್ಸ್ ಇಂಟರ್‌ಡಿಸಿಪ್ಲಿನರಿ ಅಂತ ಎಲ್ಲಾ ಕಡೆ ಬರ್ದಿರ್ತಾರ, ಹಂಗಂದ್ರ ಎಲ್ಲಾ ಸಬ್ಜೆಕ್ಟ್ ಸ್ವಲ್ಪ ಸ್ವಲ್ಪ ಓದೋದಾ? ನಮ್ಮ ಮೇಡಂ "ಮೊದಲು ಒಂದು ಸಬ್ಜೆಕ್ಟ್ ಗಟ್ಟಿ ಮಾಡ್ಕೋ" ಅಂತಾರ. ಯಾರ ಮಾತು ಕೇಳಲಿ? ಎಲ್ಲಿ ಓದಬಹುದು?
(ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ನಿಮ್ಮ ಊರಾಗ ಗೋಳಗುಮ್ಮಟ ಅದ, ಅಲ್ಲಿಂದನ ಶುರು ಮಾಡೋಣ. ಮ್ಯಾಲಿನ ಗ್ಯಾಲರಿಯೊಳಗ ಗೋಡಿಗೆ ಬಾಯಿ ಒಯ್ದು ಪಿಸುಗುಟ್ಟಿದ್ರ ಆ ತುದಿಗೆ ಕುಂತ ಗೆಳತಿಗೆ ಕೇಳಸ್ತದ, ಚಪ್ಪಾಳಿ ಹೊಡದ್ರ ಮತ್ತ ಮತ್ತ ತಿರುಗಿ ಬರ್ತದ, ಇದು ಸಾಲಿ ಟ್ರಿಪ್ಪಿಗೆ ಹೋದ ಎಲ್ಲಾ ಹುಡುಗ್ರಿಗೂ ಗೊತ್ತು. ಮುಂದಿನ ಸಲ ಹೋದಾಗ ಇನ್ನೊಂದು ಮಾಡಿ ನೋಡ್ರಿ. ಕಣ್ಣು ಮುಚ್ಕೊಂಡು ನಿಂದರ್ರಿ, ಗೆಳತಿಗೆ ಎಲ್ಲಿಂದರ ಒಮ್ಮೆ ಕೂಗು ಅನ್ರಿ, ಆಮ್ಯಾಲೆ ಕೂಗು ಬಂದ ಕಡಿ ಬಟ್ಟು ಮಾಡಿ ತೋರಸ್ರಿ. ಗುಮ್ಮಟದೊಳಗ ಭಾಳ ಸಲ ತಪ್ಪತೀರಿ, ಯಾಕಂದ್ರ ಸದ್ದು ಎಲ್ಲಾ ಗೋಡಿಯಿಂದನೂ ಬರ್ತಿರ್ತದ. ಅದ ಆಟ ಹೊರಗಿನ ಹುಲ್ಲಿನ ಮ್ಯಾಲೆ ಆಡಿದ್ರ ಬಟ್ಟು ಸೀದಾ ಗೆಳತಿ ಕಡಿಗೆ ಹೋಗ್ತದ.

ಇದು ಹೆಂಗ ಆಗ್ತದ ಅಂತ ಯೋಚನೆ ಮಾಡ್ರಿ. ಬಲಗಡಿಂದ ಬಂದ ಸದ್ದು ಬಲಗಿವಿಗೆ ಮೊದಲು ಮುಟ್ಟತದ, ಎಡಗಿವಿಗೆ ತಲಿ ಸುತ್ತಿ ಆಮ್ಯಾಲೆ ಮುಟ್ಟತದ. ಗಾಳಿಯೊಳಗ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡ್ತದ, ನಮ್ಮ ತಲಿ ಎಷ್ಟ ಅಗಲ ಇರ್ತದ ಹೇಳ್ರಿ, ಹಿಂಗಾಗಿ ಎರಡೂ ಕಿವಿಗೆ ಮುಟ್ಟೋದರ ನಡುವಿನ ಅಂತರ ಹೆಚ್ಚಂದ್ರ 0.6–0.7 ಮಿಲಿಸೆಕೆಂಡ್. ನರಕೋಶದ ಒಂದು ವಿದ್ಯುತ್ ಮಿಡಿತನ ಸುಮಾರು ಒಂದು ಮಿಲಿಸೆಕೆಂಡ್ ಇರ್ತದ! ತನ್ನ ಮಿಡಿತಕ್ಕಿಂತ ಸಣ್ಣ ಹೊತ್ತನ್ನ ಅದ ನರಕೋಶ ಇಟ್ಕೊಂಡು ಮೆದುಳು ಅಳೀತದಲ್ಲ, ಇದನ್ನ ಮೊದಲ ಸಲ ಓದಿದ ದಿನ ನನಗ ರಾತ್ರಿ ನಿದ್ದಿ ಬಂದಿರಲಿಲ್ಲ.

1948ರಾಗ ಲಾಯ್ಡ್ ಜೆಫ್ರೆಸ್ ಅನ್ನೋ ಸೈಕಾಲಜಿಸ್ಟ್ ಹಾಳಿ ಮ್ಯಾಲೆ ಒಂದು ಚಿತ್ರ ಬರದ್ರು. ಎರಡು ಕಿವಿಯಿಂದ ಬರೋ ನರತಂತು ಎದುರಾಬದುರಾ ಬರ್ತಾವು, ನಡುವ ಸಾಲಾಗಿ ನರಕೋಶ ನಿಂತಿರ್ತಾವು, ಎರಡೂ ಸುದ್ದಿ ಯಾವ ಕೋಶದ ಹತ್ತಿರ ಒಂದ ಹೊತ್ತಿಗೆ ಕೂಡ್ತಾವೋ ಆ ಕೋಶ ಮಿಡೀತದ. ಓಣಿಯ ಎರಡು ತುದಿಯಿಂದ ಇಬ್ಬರು ಒಂದ ನಡಗಿಯೊಳಗ ನಡಕೋತ ಬಂದ್ರ, ಅವ್ರು ಯಾರ ಮನಿ ಮುಂದ ಭೆಟ್ಟಿ ಆದ್ರು ಅಂತ ನೋಡಿ ಯಾರು ಮೊದಲು ಹೊಂಟ್ರು ಅಂತ ಹೇಳಬಹುದಲ್ಲ, ಹಂಗ. ಚಂದ ವಿಚಾರ, ಖರೇ ಆದ್ರ ಕಣ್ಣಿಲೆ ಯಾರೂ ಕಂಡಿರಲಿಲ್ಲ. ಅದನ್ನ ಕಂಡಿದ್ದು ಗೂಬಿಯೊಳಗ. ಪ್ರಾಣಿಗಳ ನಡವಳಿಕಿ ನೋಡ್ಕೋತ ಬೆಳೆದ ಮಸಕಾಝು ಕೊನಿಶಿ ಅನ್ನೋ ಝೂವಾಲಜಿಸ್ಟ್, ಅವರ ಸಂಗಡ ಎರಿಕ್ ನುಡ್ಸನ್, ಇಬ್ಬರೂ 1978ರಾಗ ಗೂಬಿ ಮೆದುಳಿನೊಳಗ ಸದ್ದಿನ ದಿಕ್ಕಿನ ನಕಾಶೆನ ಅದ ಅಂತ ತೋರಿಸಿದ್ರು, ಆಮ್ಯಾಲೆ ಕ್ಯಾಥರಿನ್ ಕಾರ್ ಮತ್ತ ಕೊನಿಶಿ ಜೆಫ್ರೆಸ್ ಬರೆದಂಥ ಎದುರಾಬದುರಾ ತಂತುಗಳನ್ನ 1990ರ ಹೊತ್ತಿಗೆ ಬಿಡಿಸಿ ತೋರಿಸಿದ್ರು. ನಮ್ಮ ಕಡಿ ಗೂಬಿ ಕೂಗಿದ್ರ ಅಪಶಕುನ ಅಂತ ಕಲ್ಲು ತಗೋತಾರ, ಆ ಗೂಬಿ ಪೂರ್ತಿ ಕತ್ತಲಿಯೊಳಗ ಇಲಿ ಸರದಾಡಿದ ಸಪ್ಪಳದ ಮ್ಯಾಲೆ ಅಷ್ಟ ಅದನ್ನ ಹಿಡೀತದ. ಇನ್ನ ಸಸ್ತನಿಗಳೊಳಗೂ ಇದ ತಂತ್ರ ಅದನೋ ಬ್ಯಾರೆ ಅದನೋ ಅಂತ ವಾದ ಇನ್ನೂ ಮುಗದಿಲ್ಲ.

ಈಗ ಲೆಕ್ಕ ಹಾಕ್ರಿ. ಲೆಕ್ಕಾಚಾರ ಸೈಕಾಲಜಿಸ್ಟಂದು, ಪಕ್ಷಿ ಝೂವಾಲಜಿಸ್ಟಂದು, ಸದ್ದಿನ ವೇಗ ಫಿಸಿಕ್ಸಿಂದು, ಸಿಗ್ನಲ್ ಹಿಡಿಯೋ ಯಂತ್ರ ಇಲೆಕ್ಟ್ರಾನಿಕ್ಸಿಂದು. ಪ್ರಶ್ನೆ ಮಾತ್ರ ಒಂದ. ಇಂಟರ್‌ಡಿಸಿಪ್ಲಿನರಿ ಅಂದ್ರ ಇದು. ನಿಮ್ಮ ಮೇಡಂ ಹೇಳಿದ್ದು ನೂರಕ್ಕ ನೂರು ಸರಿ ಅದ, ಒಂದು ಸಬ್ಜೆಕ್ಟ್ ಗಟ್ಟಿ ಇರಲೇಬೇಕು, ಇಲ್ಲಾಂದ್ರ ಲ್ಯಾಬಿನೊಳಗ ನಾಕು ಮಂದಿ ಕೂತಾಗ ನಿಮ್ಮ ಕಡಿಂದ ಕೊಡಾಕ ಏನೂ ಇರಂಗಿಲ್ಲ. ಆದ್ರ ಉಳಿದ ಮೂವರ ಭಾಷಾ ತಿಳಿಯೋವಷ್ಟು ಕಲೀಬೇಕು, ಅದಕ್ಕ ಈ ಕೋರ್ಸುಗಳು ಇರೋದು.

ಎಲ್ಲಿ ಅಂದ್ರ, ಬೆಂಗಳೂರಿನ ಐಐಎಸ್‌ಸಿ, ಅಂದ್ರ ಭಾರತೀಯ ವಿಜ್ಞಾನ ಸಂಸ್ಥೆಯೊಳಗ 2009ರಿಂದ ಸೆಂಟರ್ ಫಾರ್ ನ್ಯೂರೋಸೈನ್ಸ್ ಅದ, ಬಿ.ಎಸ್ಸಿ ಆದವ್ರು ಅಲ್ಲಿನ ಬಯಾಲಜಿ ಇಂಟಿಗ್ರೇಟೆಡ್ ಪಿಎಚ್.ಡಿಗೆ (ಮಾಸ್ಟರ್ಸು, ಪಿಎಚ್.ಡಿ ಎರಡೂ ಕೂಡಿದ ಕೋರ್ಸ್) ಜಾಮ್ ಪರೀಕ್ಷೆ ಬರದು ಹೋಗಬಹುದು. ಬೆಂಗಳೂರಾಗನ ಎನ್‌ಸಿಬಿಎಸ್, ಜಕ್ಕೂರಿನ ಜೆಎನ್‌ಸಿಎಎಸ್‌ಆರ್ ಅನ್ನೋ ಸಂಶೋಧನಾ ಸಂಸ್ಥೆ ಅದಾವು, ರೋಗಿಗಳ ಹತ್ತಿರ ಇದ್ದು ಸಂಶೋಧನೆ ಮಾಡಬೇಕಂದ್ರ ನಿಮ್ಹಾನ್ಸ್ ಅದ. ಹರಿಯಾಣದ ಮಾನೇಸರ್‌ನಾಗ ಇರೋ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ, ಎನ್‌ಬಿಆರ್‌ಸಿ ಅಂತಾರ, ಅಲ್ಲಿ ನ್ಯೂರೋಸೈನ್ಸಿನ ಮಾಸ್ಟರ್ಸು, ಪಿಎಚ್.ಡಿ ಎರಡೂ ಅದಾವು. ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿಯೊಳಗ ನ್ಯೂರಲ್ ಆಂಡ್ ಕಾಗ್ನಿಟಿವ್ ಸೈನ್ಸ್ ಎಂ.ಎಸ್ಸಿ ಅದ, ನಮ್ಮ ಭಾಗಕ್ಕ ಅದು ದೂರಲ್ಲ. ಪರೀಕ್ಷೆ ಯಾವುದು, ಕೊನೇ ದಿನ ಯಾವುದು ಅಂತ ಆಯಾ ವರ್ಷದ ನೋಟಿಫಿಕೇಶನ್ ನೋಡಿನ ಅರ್ಜಿ ಹಾಕ್ರಿ, ಸೀನಿಯರ್ ಹೇಳಿದ್ರು ಅಂತ ಕೂಡಬ್ಯಾಡ್ರಿ. ಅದಕ್ಕೂ ಮೊದಲು ಸೈನ್ಸ್ ಅಕಾಡೆಮಿಗಳು ಕೂಡಿ ಕೊಡೋ ಸಮ್ಮರ್ ರಿಸರ್ಚ್ ಫೆಲೋಶಿಪ್‌ಗೆ ಹಾಕ್ರಿ, ಎರಡು ತಿಂಗಳು ಖರೇ ಲ್ಯಾಬ್ ಹೆಂಗಿರ್ತದ ಅಂತ ಕಂಡಮ್ಯಾಲೆ ಅರ್ಧ ಗೊಂದಲ ತಾನ ಹೋಗ್ತದ.

ಪ್ರಶ್ನೆ: ನಾನು ಇ ಆಂಡ್ ಸಿ (ಇಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್) ಮುಗಿಸಿ ಮೂರು ವರ್ಷ ಆತು, ಸಾಫ್ಟ್‌ವೇರ್ ಕೆಲಸ, ಮನಿಯಿಂದನ. ಎಐ ಕಲಿಯಾಕ ಹೋಗಿ ಮೆದುಳಿನ ಹುಚ್ಚು ಹಿಡದೈತಿ. ಆದ್ರ ಬಯಾಲಜಿ ಹತ್ತನೇತ್ತಾಗ ಬಿಟ್ಟಿದ್ದು, ಜೀವಕೋಶದ ಚಿತ್ರಾನೂ ನೆನಪಿಲ್ಲ. ನನ್ನಂಥಾವಗ ಸೀಟ್ ಕೊಡ್ತಾರೇನ್ರಿ?
(ಇಂಜಿನಿಯರ್, ಟಿಳಕವಾಡಿ, ಬೆಳಗಾವಿ)

ಉತ್ತರ: ಕೊಡ್ತಾರ. ನಿಮ್ಮಂಥವ್ರ ಅವಶ್ಯಕತಿ ಎಷ್ಟದ ಅಂತ ನನ್ನ ಅನುಭವನ ಹೇಳ್ತೀನಿ. ಪಿಎಚ್.ಡಿ ಮೊದಲ ವರ್ಷ, ಇಲಿ ಮೆದುಳಿನ ತೆಳ್ಳನ ಹೋಳು ಮೈಕ್ರೋಸ್ಕೋಪಿನ ಕೆಳಗ ಇಟ್ಟು, ತುದಿ ಒಂದು ಮೈಕ್ರಾನ್ ಅಷ್ಟ ಇರೋ ಗಾಜಿನ ಕೊಳವಿಯಿಂದ ಒಂದ ಒಂದು ನರಕೋಶದ ವಿದ್ಯುತ್ ಹಿಡಿಯೋದು ನನ್ನ ಕೆಲಸ. ಸ್ಕ್ರೀನ್ ಮ್ಯಾಲೆ ಸಪಾಟ ಗೆರಿ ಬರಬೇಕು, ಅದರ ಮ್ಯಾಲೆ ನಡುನಡುವ ಚೂಪನ ಮಿಡಿತ ಬರಬೇಕು. ನನಗ ಬರ್ತಿದ್ದದ್ದು ದಪ್ಪನ ಅಲಿ, ಒಂದರ ಹಿಂದ ಒಂದು, ನಿಲ್ಲೋದ ಇಲ್ಲ. ಕೋಶ ಸಾಯಾಕತ್ತದ ಅನ್ಕೊಂಡೆ. ದ್ರಾವಣ ಬದಲಿ ಮಾಡಿದೆ, ಹೋಳು ಬದಲಿ ಮಾಡಿದೆ, ಗಾಜಿನ ಕೊಳವಿ ಹೊಸಾದು ಎಳದೆ, ಮೂರು ವಾರ ಹೋತು. ಕಡೀಕ ಲ್ಯಾಬಿನ ಇಲೆಕ್ಟ್ರಾನಿಕ್ಸ್ ಟೆಕ್ನಿಶಿಯನ್, ಡಿಪ್ಲೊಮಾ ಓದಿದವ್ರು, ನನ್ನ ಹಿಂದ ಬಂದು ನಿಂತು ಸ್ಕ್ರೀನ್ ಮ್ಯಾಲೆ ಬಟ್ಟಿಟ್ಟು ಎಣಿಸಿದ್ರು, ನೂರು ಮಿಲಿಸೆಕೆಂಡಿನೊಳಗ ಐದು ಅಲಿ. ಅಂದ್ರ ಸೆಕೆಂಡಿಗೆ 50. "ತಮ್ಮಾ, ಇದು ಕೋಶದ್ದಲ್ಲ, ಗೋಡಿ ಪ್ಲಗ್ಗಿನ ಕರೆಂಟು" ಅಂದ್ರು. ಒಂದೊಂದ ಪ್ಲಗ್ ಕಿತ್ತಿ ನೋಡ್ಕೋತ ಬಂದ್ರು, ಬ್ಯಾರೆ ಬ್ಯಾರೆ ಕಡೆ ಕಟ್ಟಿದ್ದ ಅರ್ಥಿಂಗ್ ವೈರ್ ಎಲ್ಲಾ ಬಿಚ್ಚಿ ಒಂದ ಬೋಲ್ಟಿಗೆ ತಂದು ಬಿಗಿದ್ರು. ಗೆರಿ ಸಪಾಟ ಆತು. ಅದರ ನಡುವ ಒಂದು ಸಣ್ಣ ಚೂಪು ಎದ್ದು ಬಿತ್ತು, ನನ್ನ ಮೊದಲ ನರಕೋಶ. ನಾನು ಝೂವಾಲಜಿ ಚಿನ್ನದಂಗ ಓದಿದ್ದೆ, ಅರ್ಥಿಂಗ್ ಅನ್ನೋ ಶಬ್ದ ಮಾತ್ರ ಗೊತ್ತಿತ್ತು. ನೀವು ಇದ್ದಿದ್ರ ಆ ಮೂರು ವಾರ ಮೂರು ನಿಮಿಷ ಆಗ್ತಿತ್ತು.

ಈ ಗಾಜಿನ ಕೊಳವಿ ತಂತ್ರ ಹುಟ್ಟಿದ್ದೂ ಹಂಗ. ಎರ್ವಿನ್ ನೇಹರ್ ಫಿಸಿಕ್ಸ್ ಓದಿದವ್ರು, ಬರ್ಟ್ ಸಾಕ್ಮನ್ ಡಾಕ್ಟರಕಿ ಓದಿದವ್ರು, ಇಬ್ಬರೂ ಕೂಡಿ 1976ರಾಗ ಕೋಶದ ಪೊರೆಯ ಒಂದ ಒಂದು ಬಾಗಿಲಿನ ಮೂಲಕ ಹಾಯೋ ಕರೆಂಟ್ ಅಳದು ತೋರಿಸಿದ್ರು, 1991ರಾಗ ನೊಬೆಲ್ ಬಂತು. ಅದಕ್ಕೂ ಮೊದಲು 1952ರಾಗ ಹಾಡ್ಜ್‌ಕಿನ್ ಮತ್ತ ಹಕ್ಸ್ಲಿ ಸ್ಕ್ವಿಡ್ ಅನ್ನೋ ಸಮುದ್ರಜೀವಿಯ ದಪ್ಪ ನರತಂತು ತಗೊಂಡು, ಮಿಡಿತ ಹೆಂಗ ಹುಟ್ಟತದ ಅಂತ ನಾಕು ಡಿಫರೆನ್ಶಿಯಲ್ ಈಕ್ವೇಶನ್ನಾಗ ಬರದಿಟ್ರು. ಕಂಪ್ಯೂಟರ್ ಸಿಗದ ಹಕ್ಸ್ಲಿ ಕೈಲೆ ತಿರುವೋ ಕ್ಯಾಲ್ಕುಲೇಟರ್ ಮ್ಯಾಲೆ ವಾರಗಟ್ಟಲೆ ಆ ಲೆಕ್ಕ ಮಾಡಿದ್ರು. ಇವತ್ತು ನಿಮ್ಮ ಲ್ಯಾಪ್‌ಟಾಪಿನಾಗ ಪೈಥಾನ್ ಇಟ್ಕೊಂಡು ಒಂದು ಆಯ್ತವಾರ ಕೂತ್ರ ಅದ ಮಿಡಿತ ತೆರಿ ಮ್ಯಾಲೆ ಏಳಸ್ತೀರಿ. ಬಯಾಲಜಿ ಪುಸ್ತಕ ತೆರೆಯೋಕಿಂತ ಮೊದಲು ಇದನ್ನ ಮಾಡ್ರಿ, ಸೋಡಿಯಂ ಬಾಗಿಲು, ಪೊಟ್ಯಾಸಿಯಂ ಬಾಗಿಲು ಅಂತ ಈಕ್ವೇಶನ್ ಕಡಿಂದನ ಬಯಾಲಜಿ ಒಳಗ ಬರ್ತದ, ಇಂಜಿನಿಯರಿಗೆ ಅದ ಸಲೀಸು ದಾರಿ.

ಎಐ ಬಗ್ಗೆ ಒಂದು ಮಾತು. 2024ರ ಫಿಸಿಕ್ಸ್ ನೊಬೆಲ್ ಎಐಗೆ ತಳಪಾಯ ಹಾಕಿದ ಹಾಪ್‌ಫೀಲ್ಡ್ ಮತ್ತ ಹಿಂಟನ್‌ಗೆ ಬಂತು, ಹಾಪ್‌ಫೀಲ್ಡ್ 1982ರಾಗ ನೆನಪು ಹೆಂಗ ಉಳೀತದ ಅಂತ ಮಾಡಿದ ಮಾದರಿ ಎಐಗೂ ಮೆದುಳಿನ ವಿಜ್ಞಾನಕ್ಕೂ ದಾರಿ ತೋರಿಸ್ತು, ಇದೆಲ್ಲಾ ಖರೇ. ಆದ್ರ ಕೋಡಿನೊಳಗಿನ ನ್ಯೂರಾನ್ ಅಂದ್ರ ಗುಣಿಸಿ ಕೂಡಿಸೋ ಒಂದು ಲೆಕ್ಕ, ಖರೇ ನರಕೋಶ ಜೀವಂತ ವಸ್ತು, ಅದರ ಒಂದೊಂದ ಟೊಂಗಿನೂ ತನ್ನ ಲೆಕ್ಕ ತಾನ ಮಾಡ್ತದ. ಇಂಟರ್‌ವ್ಯೂನಾಗ ಹೋಗಿ "ಮೆದುಳೂ ಒಂದು ನ್ಯೂರಲ್ ನೆಟ್‌ವರ್ಕ್ ಸರ್" ಅಂದ್ರ ಅವ್ರು ಅಲ್ಲೇ ಹಿಡೀತಾರ. ನೌಕರಿ ಈಗ ಬಿಡಬ್ಯಾಡ್ರಿ. 2020ರಿಂದ ನಡೆಯೋ ನ್ಯೂರೋಮ್ಯಾಚ್ ಅಕಾಡೆಮಿ ಅಂತ ಆನ್‌ಲೈನ್ ಬ್ಯಾಸಗಿ ಸಾಲಿ ಅದ, ಕಂಪ್ಯುಟೇಶನಲ್ ನ್ಯೂರೋಸೈನ್ಸ್ ಕಲಸ್ತಾರ, ಮನಿಯಿಂದನ ಮಾಡಬಹುದು. ಸಂಗಡ ಗೇಟ್ ಪರೀಕ್ಷೆ ಬರೀರಿ, ಇಂಜಿನಿಯರಿಂಗ್ ಓದಿದವ್ರನ್ನ ಐಐಎಸ್‌ಸಿಯ ನ್ಯೂರೋಸೈನ್ಸ್ ಪಿಎಚ್.ಡಿಗೂ ತಗೋತಾರ, ಎನ್‌ಬಿಆರ್‌ಸಿಗೂ ತಗೋತಾರ.

ಪ್ರಶ್ನೆ: ನಾನು ಎಂ.ಎ. ಸೈಕಾಲಜಿ. ಡಿಗ್ರಿತನಕ ಕನ್ನಡ ಮೀಡಿಯಂ. ಸೈಕಾಲಜಿ ಆರ್ಟ್ಸ್ ಸಬ್ಜೆಕ್ಟು, ಮೆದುಳು ಸೈನ್ಸ್‌ನವರದು ಅಂತ ಎಲ್ಲರೂ ಹೇಳ್ತಾರೆ. ನನಗೆ ನೆನಪಿನ ಶಕ್ತಿ ಬಗ್ಗೆ ಸಂಶೋಧನೆ ಮಾಡುವ ಆಸೆ. ಸಾಧ್ಯನಾ?
(ವಿದ್ಯಾರ್ಥಿನಿ, ಇಳಕಲ್, ಬಾಗಲಕೋಟೆ ಜಿಲ್ಲೆ)

ಉತ್ತರ: ನೆನಪಿನ ವಿಜ್ಞಾನಕ್ಕ ತಳಪಾಯ ಹಾಕಿದವ್ರೊಳಗ ಒಬ್ಬಾಕಿ ಸೈಕಾಲಜಿಸ್ಟ್, ಬ್ರೆಂಡಾ ಮಿಲ್ನರ್. 1953ರಾಗ ಅಮೆರಿಕಾದಾಗ ಹೆನ್ರಿ ಮೊಲೈಸನ್ ಅನ್ನೋ ತರುಣಗ ಮೂರ್ಛೆರೋಗ ಕಡಿಮಿ ಆಗಲಿ ಅಂತ ಮೆದುಳಿನ ಎರಡೂ ಕಡಿ ಹಿಪೊಕ್ಯಾಂಪಸ್ ಭಾಗ ತಗದ್ರು. ಮೂರ್ಛೆ ಕಡಿಮಿ ಆತು, ಆದ್ರ ಆಮ್ಯಾಲೆ ನಡದದ್ದು ಯಾವುದೂ ಅವಗ ನೆನಪಿನಾಗ ಉಳೀಲಿಲ್ಲ. ಮಿಲ್ನರ್ ಅವನ ಮುಂದ ಒಂದು ಹಾಳಿ, ಪೆನ್ಸಿಲ್, ಕನ್ನಡಿ ಇಟ್ಟಳು. ಹಾಳಿ ಮ್ಯಾಲೆ ಜೋಡಿ ಗೆರಿಯ ನಕ್ಷತ್ರ, ಎರಡು ಗೆರಿ ನಡುವ ಪೆನ್ಸಿಲ್ ಓಡಿಸ್ಬೇಕು, ಆದ್ರ ಕೈ ನೇರ ಕಾಣಬಾರದು, ಕನ್ನಡಿಯೊಳಗ ಅಷ್ಟ ನೋಡಬೇಕು. ನೀವೂ ಮನ್ಯಾಗ ಮಾಡಿ ನೋಡ್ರಿ, ಮೂಲಿಗೆ ಬಂದಾಗ ಕೈ ಎಲ್ಲಿ ಹೋಗಬೇಕಂತ ತಿಳೀದ ಒದ್ದಾಡ್ತದ. ಮೂರು ದಿನ, ದಿನಕ್ಕ ಹತ್ತು ಸಲ ಮಾಡಿಸಿದ್ಲು. ಮೂರನೇ ದಿನ ಅವನ ಕೈ ತಪ್ಪದಂಗ ಓಡ್ತು, ಆದ್ರ ಅಂವಗ ಇದನ್ನ ಹಿಂದ ಎಂದರ ಮಾಡಿದ್ದ ನೆನಪ ಇಲ್ಲ! ಕೈಯ ನೆನಪು ಬ್ಯಾರೆ, ಘಟನೆಯ ನೆನಪು ಬ್ಯಾರೆ, ಎರಡೂ ಮೆದುಳಿನಾಗ ಬ್ಯಾರೆ ಬ್ಯಾರೆ ಕಡೆ ಅಂತ ತೋರಿಸಿದ್ದು ಒಂದು ಕನ್ನಡಿ. ಯಂತ್ರ ಬೇಕಾಗಿರಲಿಲ್ಲ, ಸರಿಯಾದ ಪ್ರಶ್ನೆ ಕೇಳೋ ಕಲಾ ಬೇಕಾಗಿತ್ತು, ಅದನ್ನ ಸೈಕಾಲಜಿ ಕಲಸ್ತದ. ಇದನ್ನ ಆರ್ಟ್ಸ್ ಅಂತ ಬದಿಗಿ ಸರಸೋರ ಮ್ಯಾಲೆ ನನಗ ಸಿಟ್ಟ ಬರ್ತದ.

ಇನ್ನ ಕನ್ನಡ. ಕೋಲಾರ ಜಿಲ್ಲಾದ ಶ್ರೀನಿವಾಸಪುರದ ಹಳ್ಳಿಗಳೊಳಗ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವ್ರು 45 ದಾಟಿದ ಸಾವಿರಾರು ಮಂದಿಯ ನೆನಪು, ಆರೋಗ್ಯ ವರ್ಷವರ್ಷ ನೋಡ್ಕೋತ ಬಂದಾರ, ವಯಸ್ಸಾದಂಗ ಮರವು ಯಾರಿಗೆ ಯಾಕ ಬರ್ತದ ಅಂತ. ಸಾಲಿ ಮೆಟ್ಟಿಲು ಹತ್ತದ ಅಜ್ಜಿಗೆ ಇಂಗ್ಲಿಷ್ ಪರೀಕ್ಷೆ ಅನುವಾದ ಮಾಡಿ ಕೊಟ್ರ, ಆಕಿ ತಪ್ಪಿದ್ದು ಮರವಿಗೋ ಪ್ರಶ್ನೆ ತಿಳೀಲಿಲ್ಲ ಅಂತನೋ ಹೆಂಗ ಹೇಳೋದು? ಇಳಕಲ್ ಸೀರಿ ನೇಯೋ ಅಜ್ಜಗ ಟೋಪಿತೆನಿ ಸೆರಗಿನ ಲೆಕ್ಕ ಪೂರ್ತಿ ನೆನಪಿರ್ತದ, ಹಾಳಿ ಮ್ಯಾಲಿನ ಪಟ್ಟಿಯೊಳಗಿನ ಶಬ್ದ ನೆನಪಿರಂಗಿಲ್ಲ. ಇದು ತಿಳಿಯೋ ಮನಶ್ಶಾಸ್ತ್ರಜ್ಞೆ ನಿಮ್ಮ ಮನಿ ಓಣಿಯಾಗ ಬೆಳದಾಕಿನ ಆಗಿರಬೇಕು. ನಿಮಗ ಕಲಿಯೋದು ಬಾಕಿ ಇರೋದು ಸ್ಟ್ಯಾಟಿಸ್ಟಿಕ್ಸ್, ಆಮ್ಯಾಲೆ ಇಂಗ್ಲಿಷ್ ಪೇಪರ್ ಓದೋ ರೂಢಿ. ದಿನಾ ಒಂದು ಪುಟ ಓದಿ ಕನ್ನಡದಾಗ ನಾಕು ಸಾಲು ಬರದಿಡ್ರಿ, ಆರು ತಿಂಗಳಿಗೆ ಕೈ ಹತ್ತತದ. ಐಐಟಿ ಗಾಂಧಿನಗರ, ಐಐಟಿ ಕಾನಪುರ, ಅಲಹಾಬಾದ್ ಯೂನಿವರ್ಸಿಟಿ, ಇಲ್ಲೆಲ್ಲಾ ಕಾಗ್ನಿಟಿವ್ ಸೈನ್ಸ್ ಅಂತ ವಿಭಾಗ ಅದಾವು, ಸೈಕಾಲಜಿ ಓದಿದವ್ರು ಅಲ್ಲಿ ಹೊರಗಿನವ್ರಲ್ಲ.

ಪ್ರಶ್ನೆ: ಮಗಳು ಬಿ.ಎಸ್ಸಿ ಆಗಿ ಎಂ.ಎಸ್ಸಿ ಮಾಡಾಕತ್ತಾಳ, ಮುಂದ ಮೆದುಳಿನ ಮ್ಯಾಲೆ ಪಿಎಚ್.ಡಿ ಅಂತಾಳ. ಐದಾರು ವರ್ಷ ಅಂತ. ನಮ್ದು ಕಬ್ಬಿನ ಹೊಲ ನಾಕು ಎಕರೆ. ಖರ್ಚು ಎಷ್ಟು ಬರ್ತೈತಿ, ಮುಂದ ನೌಕರಿ ಸಿಗತೈತೋ ಇಲ್ಲೋ, ಮುಚ್ಚುಮರಿ ಇಲ್ಲದ ಹೇಳ್ರಿ.
(ರೈತರು, ಜಮಖಂಡಿ)

ಉತ್ತರ: ಕಾಕಾ, ಪಿಎಚ್.ಡಿಗೆ ನೀವು ರೊಕ್ಕ ಕೊಡೋದಿಲ್ಲ, ಆಕಿಗೆ ಅವರ ಕೊಡ್ತಾರ. ನೆಟ್ ಪರೀಕ್ಷೆಯೊಳಗ ಜೆಆರ್‌ಎಫ್, ಅಂದ್ರ ಸಂಶೋಧನಾ ಫೆಲೋಶಿಪ್ ಬಂದ್ರ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮ್ಯಾಲೆ 42,000, 2023ರಿಂದ ಈ ದರ, ಹಾಸ್ಟೆಲ್ ಸಿಗದಿದ್ರ ಮನಿ ಬಾಡಗಿ ಭತ್ಯೆ ಬ್ಯಾರೆ. ಆದ್ರ ಕಬ್ಬಿನ ಬಿಲ್ಲಿನಂಗ ಇದೂ ಒಮ್ಮೊಮ್ಮೆ ತಿಂಗಳಗಟ್ಟಲೆ ತಡ ಆಗ್ತದ, ನನಗೂ ಆಗಿತ್ತು, ಹಿಂಗಾಗಿ ನಾಕು ತಿಂಗಳ ಊಟದ ರೊಕ್ಕ ಆಕಿ ಕೈಯಾಗ ಇರೂಹಂಗ ನೋಡ್ರಿ.

ನೌಕರಿ ಮಾತು ಹೇಳಬೇಕಂದ್ರ, ಪ್ರೊಫೆಸರ್ ಹುದ್ದೆ ಕಡಿಮಿ ಅದಾವು, ಪಿಎಚ್.ಡಿ ಆದಮ್ಯಾಲೂ ಎರಡು ಮೂರು ವರ್ಷ ಪೋಸ್ಟ್‌ಡಾಕ್ ಅಂತ ಕಾಯಂ ಅಲ್ಲದ ಸಂಶೋಧನಾ ಕೆಲಸ ಮಾಡ್ಕೋತ ಊರೂರು ತಿರುಗಬೇಕಾಗ್ತದ. ಔಷಧ ಕಂಪನಿ, ಮೆಡಿಕಲ್ ಯಂತ್ರ ಮಾಡೋರು, ಡಾಟಾ ಕೆಲಸ, ಆಸ್ಪತ್ರಿ ಸಂಶೋಧನೆ, ಇವು ಬ್ಯಾರೆ ದಾರಿ, ಅದಕ್ಕ ಆಕಿಗೆ ಪ್ರೋಗ್ರಾಮಿಂಗ್ ಮತ್ತ ಸ್ಟ್ಯಾಟಿಸ್ಟಿಕ್ಸ್ ಬರಲೇಬೇಕು. ನೀವು ಒಂದು ಕೆಲಸ ಮಾಡ್ರಿ. ಗೈಡ್ ಯಾರು ಅಂತ ಗೊತ್ತಾದಮ್ಯಾಲೆ, ಆ ಲ್ಯಾಬಿನಾಗ ಓದಿ ಮುಗಿಸಿ ಹೋದ ಇಬ್ಬರು ಹುಡುಗ್ರ ಸಂಗಡ ಮಾತಾಡು ಅಂತ ಮಗಳಿಗೆ ಹೇಳ್ರಿ. ಎಷ್ಟು ವರ್ಷ ಹಿಡೀತು, ನಡುವ ಎಷ್ಟು ಮಂದಿ ಬಿಟ್ಟು ಹೋದ್ರು, ತ್ರಾಸ ಆದಾಗ ಗೈಡ್ ಹೆಂಗ ನಡಕೊಂಡ್ರು, ಇಷ್ಟು ಕೇಳಲಿ. ಕಾಲೇಜಿನ ಹೆಸರಿಗಿಂತ ಈ ಮೂರು ಉತ್ತರ ಹೆಚ್ಚು ಮುಖ್ಯ, ಹೊಲ ಲಾವಣಿಗೆ ಹಾಕೋ ಮುಂದ ನೀರು ನೋಡ್ತೀರಲ್ಲ, ಹಂಗ.

ಪ್ರಶ್ನೆ: ಸೀದಾ ವಿದೇಶಕ್ಕ ಹೋಗಬಹುದಾ? ಸಾಲ ಮಾಡದ?
(ಗೋಕಾಕ)

ಉತ್ತರ: ಹೋಗಬಹುದು. ಅಮೆರಿಕಾದಾಗ ನ್ಯೂರೋಸೈನ್ಸ್ ಪಿಎಚ್.ಡಿಗೆ ಮಾಸ್ಟರ್ಸ್ ಇರಲೇಬೇಕಂತಿಲ್ಲ, ಫೀ ಅವರ ತುಂಬಿ ಸ್ಟೈಪೆಂಡ್ ಕೊಡ್ತಾರ, ಮೊದಲ ವರ್ಷ ಎರಡು ಮೂರು ಲ್ಯಾಬ್ ತಿರುಗಿ ನೋಡಿ ಆಮ್ಯಾಲೆ ಒಂದು ಆರಿಸ್ಕೋತೀರಿ, ಈ ಪದ್ಧತಿ ನನಗ ಭಾಳ ಹಿಡಸ್ತದ. ಅರ್ಜಿ ಕೊನೇ ದಿನ ಹೆಚ್ಚಾಗಿ ಡಿಸೆಂಬರ್ ಆಜುಬಾಜು. ಜರ್ಮನಿಯ ಗ್ಯೋಟಿಂಗನ್, ಟ್ಯೂಬಿಂಗನ್ ಎರಡೂ ಕಡೆ ಇಂಗ್ಲಿಷಿನಾಗ ನ್ಯೂರೋಸೈನ್ಸ್ ಕಲಸ್ತಾರ, ಟ್ಯೂಬಿಂಗನ್ ಇರೋ ರಾಜ್ಯದಾಗ ನಮ್ಮಂಥ ಹೊರಗಿನವ್ರಿಗೆ ಸೆಮಿಸ್ಟರಿಗೆ 1,500 ಯೂರೋ ಫೀ ಅದ, ಲೆಕ್ಕದಾಗ ಇಟ್ಕೋರಿ. ಏಜೆಂಟರ ಕಡೆ ಹೋಗಬ್ಯಾಡ್ರಿ, ಎಲ್ಲಾ ಅರ್ಜಿ ನೀವ ತುಂಬಬಹುದು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ಖರೇ ಮೆದುಳು ನೋಡಬೇಕು. ಎಲ್ಲಿ ತೋರಸ್ತಾರ?
(ಮುದ್ದೇಬಿಹಾಳ)

ಉತ್ತರ: ಬೆಂಗಳೂರಿನ ನಿಮ್ಹಾನ್ಸ್‌ನಾಗ ಮೆದುಳಿನ ಮ್ಯೂಸಿಯಂ ಅದ, ಗಾಜಿನ ಡಬ್ಬಿಯೊಳಗ ಸಾಲಾಗಿ ಇಟ್ಟಾರ, ಮನುಷ್ಯಾಂದು, ಪ್ರಾಣಿಗಳದು, ರೋಗ ಬಂದದ್ದು, ಪೆಟ್ಟು ಬಿದ್ದದ್ದು. ಗ್ಲೌಸ್ ಕೊಟ್ಟು ಒಂದು ಮನುಷ್ಯಾನ ಮೆದುಳು ಕೈಯಾಗ ಹಿಡಿಯಾಕನೂ ಕೊಡ್ತಾರ. ತೂಕ 1.3 ಕಿಲೋ ಆಸುಪಾಸು, ಅದರೊಳಗ ಸುಮಾರು 8,600 ಕೋಟಿ ನರಕೋಶ. ದಾನ ಮಾಡಿದವ್ರ ಮೆದುಳು ಅದು, ಎರಡೂ ಕೈಲೆ ಹಿಡೀಬೇಕು. ದಿನಾ ತೆಗದಿರಂಗಿಲ್ಲ, ಹೋಗೋ ಮೊದಲು ಫೋನ್ ಮಾಡಿ ವಾರ ಯಾವುದು ಅಂತ ಕೇಳ್ಕೋ, ಮತ್ತ ನೋಡಿ ಬಂದಮ್ಯಾಲೆ ನಿನಗ ಏನು ಅನಸ್ತು ಅಂತ ನನಗ ಬರೀ.